ಆನೆಮರಿಯ ಕಬ್ಬಿಣದ ಸೊಂಡಿಲು

ಕಣ್ಣು ಅರ್ಧ ಮುಚ್ಚಿ. ಕಿವಿ ಪೂರ್ತಿ ತೆರೆಯಿರಿ. ಹಾಂ, ಹಾಗೆ.

ಒಂದು ಊರು. ಊರ ತುಂಬ ಮಂಡಕ್ಕಿ ಭಟ್ಟಿ. ಒಲೆಯಿಂದ ಹೊಗೆ ಏಳುತ್ತದೆ. ಬಾಣಲೆಯಿಂದ ಮಂಡಕ್ಕಿ ಏಳುತ್ತದೆ. ಹೊಗೆ ಬೆಳ್ಳಗೆ, ಮಂಡಕ್ಕಿ ಬೆಳ್ಳಗೆ, ಮೇಲೆ ಮೋಡ ಬೆಳ್ಳಗೆ. ಯಾವುದು ಮೋಡ, ಯಾವುದು ಮಂಡಕ್ಕಿ ಅಂತ ಅಲ್ಲಿನ ಕಾಗೆಗೂ ತಿಳಿಯದು. ಕುಕ್ಕಿ ನೋಡಿದರೇ ಗೊತ್ತು.

ಆ ಊರಲ್ಲಿ ಕೊಟ್ರಮ್ಮ. ಮಂಡಕ್ಕಿ ಮಾರುವ ಕೊಟ್ರಮ್ಮ. ಕೊಟ್ರಮ್ಮನಿಗೆ ಒಂದು ಹಳೇ ಮೋಟಾರ್ ಸೈಕಲ್ಲು. ಬೂದು ಬಣ್ಣ, ದಪ್ಪ ಹೊಟ್ಟೆ, ಸಣ್ಣ ಬಾಲ. ಅದರ ಹೆಸರು ಆನೆಮರಿ.

ದಿನಾ ಮಧ್ಯಾಹ್ನ ಊಟ ಆಯಿತು ಅಂದರೆ ಆನೆಮರಿ ಬೀದಿಗೆ ಇಳಿಯುತ್ತಿತ್ತು. ಬೆನ್ನ ಮೇಲೆ ಮಂಡಕ್ಕಿ ಚೀಲ. ಮುಂದೆ ಕೊಟ್ರಮ್ಮ.

ಡುಗು ಡುಗು ಡುಗು. ಡುಗು ಡುಗು ಡುಗು.

ಆ ಸದ್ದಿಗೆ ಬೆಕ್ಕು ತೂಕಡಿಸುತ್ತಿತ್ತು. ಅಂಗಡಿಯವರು ತೂಕಡಿಸುತ್ತಿದ್ದರು. ತೊಟ್ಟಿಲ ಕೂಸು ಕಣ್ಣು ಮುಚ್ಚುತ್ತಿತ್ತು.

ಒಂದು ದಿನ ಬೀದಿಯಲ್ಲಿ ಒಂದು ಗುಂಡಿ. ಆನೆಮರಿ ಧಡಕ್ ಅಂದಿತು. ಅದರ ಮೂಗು ಕಳಚಿ ಬಿತ್ತು. ಹಿಂದೆಯೇ ಲಾರಿ ಬಂತು. ಮೂಗು ಹಪ್ಪಳ ಆಯಿತು.

ಮೋಟಾರ್ ಸೈಕಲ್ಲಿಗೂ ಮೂಗಾ? ಹೌದು ಮತ್ತೆ! ಗಾಳಿ, ಪೆಟ್ರೋಲು ಎರಡನ್ನೂ ಬೆರೆಸಿ ಎಂಜಿನ್ನಿಗೆ ಉಸಿರು ಕೊಡುವ ಡಬ್ಬಿ. ದೊಡ್ಡವರು ಅದನ್ನು ಕಾರ್ಬುರೇಟರ್ ಅನ್ನುತ್ತಾರೆ. ದೊಡ್ಡವರಿಗೆ ಎಲ್ಲಕ್ಕೂ ಉದ್ದ ಹೆಸರೇ ಬೇಕು. ನಾವು ಮೂಗು ಅನ್ನೋಣ.

ಮೂಗಿಲ್ಲ, ಉಸಿರಿಲ್ಲ. ಉಸಿರಿಲ್ಲ, ಡುಗು ಡುಗು ಇಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ಆನೆಮರಿ ಬೀದಿಯ ಬದಿಗೆ ತಲೆ ವಾಲಿಸಿ ನಿಂತೇ ಇತ್ತು.

ಗುಜರಿ ದಾದಾಪೀರ್ ಬಂದ. ಹಳೇ ಕಬ್ಬಿಣ ಒಯ್ಯುವ ದಾದಾಪೀರ್. ಅವನ ಕೈಯಲ್ಲಿ ಒಂದು ದಪ್ಪ ಮೂಗು. ಬೇರೆ ಯಾವುದೋ ದೊಡ್ಡ ಗಾಡಿಯ ಮೂಗು.

"ಕೊಟ್ರಕ್ಕ, ಈ ಮೂಗು ಸುಮ್ನೆ ಕೊಡ್ತೀನಿ. ಬೀದಿ ದೀಪ ಹತ್ತೋದ್ರೊಳಗೆ ಆನೆಮರಿ ಉಸಿರಾಡಿದ್ರೆ ಮೂಗು ನಿಂದು."

"ಆಡದಿದ್ರೆ?"

"ಮೂಗೂ ನಂದು, ಆನೆಮರೀನೂ ನಂದು. ತಳ್ಳುಗಾಡಿ ತರ್ತೀನಿ."

"ತಾರಪ್ಪ, ತಾ," ಅಂದಳು ಕೊಟ್ರಮ್ಮ. ಬಾಯಿ ಜೋರು.

ಕೊಟ್ರಮ್ಮ ಮೂಗು ಹಿಡಿದು ಹೋದಳು. ಎಲ್ಲಿಗೆ ಹೋದಳು? ಮೆಕ್ಯಾನಿಕ್ ಇನಾಯತ್ ಹತ್ತಿರ ಹೋದಳು.

"ಆನೆಮರಿಗೆ ಉಸಿರಿಲ್ಲ.
ಇನಾಯತ್, ಇನಾಯತ್, ಮೂಗು ಕೂರಿಸಪ್ಪ."

ಇನಾಯತ್ ಮೂಗು ಹಿಡಿದು ನೋಡಿದ. ಆನೆಮರಿ ಹತ್ತಿರ ಬಂದು ಎಂಜಿನ್ನಿನ ಬಾಯಿ ಬಗ್ಗಿ ನೋಡಿದ.

"ಕೂರಲ್ಲ ಕೊಟ್ರಕ್ಕ. ಬಾಯಿ ಸಣ್ಣದು, ಮೂಗು ದೊಡ್ಡದು. ಇಲ್ಲಿ ಕಂಬಿ ಅಡ್ಡ ಬೇರೆ. ಬಾಯಿಗೂ ಮೂಗಿಗೂ ನಡುವೆ ಬಾಗಿದ ಸೊಂಡಿಲು ಬೇಕು. ಸೊಂಡಿಲು ತಾ. ಮೂಗು ಕೂರಿಸ್ತೀನಿ."

ಎಂಜಿನ್ನಿನ ಬಾಯಿಗೆ ಒಂದು ಕಾಗದ ಒತ್ತಿದ. ಎಣ್ಣೆ ಮಸಿ ಅಂಟಿತು. ಕಾಗದದಲ್ಲಿ ಒಂದು ಮುಖ ಮೂಡಿತು. ನಡುವೆ ದುಂಡು ಬಾಯಿ, ಆಚೆಗೊಂದು ಈಚೆಗೊಂದು ಬೋಲ್ಟಿನ ಕಣ್ಣು.

"ಇಗೋ ಅಳತೆ. ಹಿಡಿ."

ಕೊಟ್ರಮ್ಮ ಮುಖ ಹಿಡಿದು ಹೋದಳು. ಎಲ್ಲಿಗೆ ಹೋದಳು? ವೆಲ್ಡಿಂಗ್ ವೀರಾಚಾರಿ ಹತ್ತಿರ ಹೋದಳು.

"ಆನೆಮರಿಗೆ ಉಸಿರಿಲ್ಲ.
ಇನಾಯತ್ ಮೂಗು ಕೂರಿಸಲ್ಲ.
ಆಚಾರ್ರೇ, ಆಚಾರ್ರೇ, ಸೊಂಡಿಲು ಬೆಸೆದು ಕೊಡ್ರಿ."

ಆಚಾರಿ ಕಪ್ಪು ಕನ್ನಡಕ ಹಣೆಗೆ ಏರಿಸಿದರು. ಮೂಲೆಯಲ್ಲಿ ಮುರಿದ ಕುರ್ಚಿ ಇತ್ತು. ಅದರ ತೋಳು ಕೊಳವೆಯದು. ಚೆಂದಾಗಿ ಬಾಗಿತ್ತು.

"ಸೊಂಡಿಲಿಗೆ ಇದು ಆತು. ಬುಡಕ್ಕೆ ಏನೈತಿ? ಬರೀ ಕೊಳವೆ ಎಂಜಿನ್ನಿಗೆ ಅಂಟ್ತದೇನವ್ವ, ದೋಸೆ ಅಂಟಿದಂಗೆ? ದಪ್ಪ ಪ್ಲೇಟು ಬೇಕು. ಪ್ಲೇಟಿಗೆ ಬಾಯಿ ಬೇಕು, ಕಣ್ಣು ಬೇಕು. ಪ್ಲೇಟು ತಾ. ಸೊಂಡಿಲು ಬೆಸೀತೀನಿ."

ಕೊಟ್ರಮ್ಮ ಮುಖ ಹಿಡಿದು ಹೋದಳು. ಎಲ್ಲಿಗೆ ಹೋದಳು? ಲೇತ್ ಅಂಗಡಿ ಗುಡ್ಡಪ್ಪನ ಹತ್ತಿರ ಹೋದಳು. ಕಬ್ಬಿಣ ಕೊರೆಯುವ ಗುಡ್ಡಪ್ಪ.

"ಆನೆಮರಿಗೆ ಉಸಿರಿಲ್ಲ.
ಇನಾಯತ್ ಮೂಗು ಕೂರಿಸಲ್ಲ.
ಆಚಾರ್ರು ಸೊಂಡಿಲು ಬೆಸೆಯಲ್ಲ.
ಗುಡ್ಡಪ್ಪಣ್ಣ, ಗುಡ್ಡಪ್ಪಣ್ಣ, ಪ್ಲೇಟು ಕೊರೆದು ಕೊಡು."

ಗುಡ್ಡಪ್ಪ ಕಾಗದ ನೋಡಿ ನಕ್ಕ. "ಇದೇನವ್ವ, ಗಾಳಿಗೆ ಹೆದರಿದ ಮುಖ? ಕಾಗದ ಸುಕ್ಕಾಗೈತಿ. ಇದರ ಮೇಲೆ ಗೀಟು ಹಾಕಿದ್ರೆ ಕಣ್ಣು ಕಿವಿಗೆ ಹೋಗ್ತಾವು. ರಟ್ಟಲ್ಲಿ ಕತ್ತರಿಸಿ ತಾ. ಪ್ಲೇಟು ಕೊರೀತೀನಿ."

ಕೊಟ್ರಮ್ಮ ಮುಖ ಹಿಡಿದು ಹೋದಳು. ಬಿಸಿಲು ಹಳದಿ ಆಯಿತು. ಎಲ್ಲಿಗೆ ಹೋದಳು? ಪುಸ್ತಕ ಬೈಂಡು ಮಾಡುವ ಅನಸೂಯಕ್ಕನ ಹತ್ತಿರ ಹೋದಳು.

"ಆನೆಮರಿಗೆ ಉಸಿರಿಲ್ಲ.
ಇನಾಯತ್ ಮೂಗು ಕೂರಿಸಲ್ಲ.
ಆಚಾರ್ರು ಸೊಂಡಿಲು ಬೆಸೆಯಲ್ಲ.
ಗುಡ್ಡಪ್ಪ ಪ್ಲೇಟು ಕೊರೆಯಲ್ಲ.
ಅನಸೂಯಕ್ಕ, ಅನಸೂಯಕ್ಕ, ರಟ್ಟು ಕತ್ತರಿಸಿ ಕೊಡು."

ಅನಸೂಯಕ್ಕನ ಕಣ್ಣು ಕೆಂಪು. ಜಡೆ ಬಿಚ್ಚಿತ್ತು. ಸೊಂಟದ ಮೇಲೆ ಮೊಮ್ಮಗು. ಒಂದು ಕೈ ಕೂಸಿಗೆ, ಇನ್ನೊಂದು ಕೈಯೂ ಕೂಸಿಗೆ.

"ರಟ್ಟು ಐತಿ, ಕತ್ತರಿ ಐತಿ. ಕೈ ಎಲ್ಲೈತೆ ನಮ್ಮವ್ವ? ಮೂರು ದಿನ ಆತು, ಮಧ್ಯಾಹ್ನ ಇದು ಕಣ್ಣು ಮುಚ್ಚಿಲ್ಲ. ಇದನ್ನ ಮಲಗಿಸು. ರಟ್ಟು ಕತ್ತರಿಸ್ತೀನಿ."

ಕೊಟ್ರಮ್ಮ ಎಲ್ಲಿಗೆ ಹೋದಳು? ಎಲ್ಲಿಗೂ ಇಲ್ಲ. ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆನೆಮರಿಗೆ ಉಸಿರಿಲ್ಲ.
ಇನಾಯತ್ ಮೂಗು ಕೂರಿಸಲ್ಲ.
ಆಚಾರ್ರು ಸೊಂಡಿಲು ಬೆಸೆಯಲ್ಲ.
ಗುಡ್ಡಪ್ಪ ಪ್ಲೇಟು ಕೊರೆಯಲ್ಲ.
ನಿಮ್ಮಜ್ಜಿ ರಟ್ಟು ಕತ್ತರಿಸಲ್ಲ.
ಕೂಸೇ, ಕೂಸೇ, ಮಲಗೇ ನಮ್ಮವ್ವ."

ಕೂಸು ಬೀದಿ ಕಡೆ ನೋಡಿತು. "ಡುಗು?" ಅಂದಿತು.

ಕೊಟ್ರಮ್ಮ ಜೋಗುಳ ಹಾಡಿದಳು. "ಡುಗು?" ಅಂದಿತು ಕೂಸು.

ಬೆನ್ನು ತಟ್ಟಿದಳು. "ಡುಗು?" ಅಂದಿತು ಕೂಸು.

ಗುಮ್ಮ ಬಂದ ಅಂದಳು. ಕೂಸು ನಕ್ಕಿತು. ಗುಮ್ಮನ ಹಿಂದೆ ಯಾರು ಬಂದರು ಅಂತ ಇಣುಕಿತು. "ಡುಗು?"

"ನಿನ್ನ ಆನೆಮರಿ ಸದ್ದಿಗೇ ಅದು ಮಲಗೋದು," ಅಂದಳು ಅನಸೂಯಕ್ಕ. "ಬೇರೆ ಯಾವುದಕ್ಕೂ ಬಗ್ಗಲ್ಲ."

ಕೊಟ್ರಮ್ಮ ತಲೆ ಮೇಲೆ ಕೈ ಹೊತ್ತಳು. ಕೂಸು ಮಲಗಬೇಕಾದರೆ ಆನೆಮರಿ ಉಸಿರಾಡಬೇಕು. ಆನೆಮರಿ ಉಸಿರಾಡಬೇಕಾದರೆ ಇನಾಯತ್ ಮೂಗು ಕೂರಿಸಬೇಕು. ಇನಾಯತ್ ಮೂಗು ಕೂರಿಸಬೇಕಾದರೆ ಆಚಾರ್ರು ಸೊಂಡಿಲು ಬೆಸೆಯಬೇಕು. ಆಚಾರ್ರು ಸೊಂಡಿಲು ಬೆಸೆಯಬೇಕಾದರೆ ಗುಡ್ಡಪ್ಪ ಪ್ಲೇಟು ಕೊರೆಯಬೇಕು. ಗುಡ್ಡಪ್ಪ ಪ್ಲೇಟು ಕೊರೆಯಬೇಕಾದರೆ ಅನಸೂಯಕ್ಕ ರಟ್ಟು ಕತ್ತರಿಸಬೇಕು. ಅನಸೂಯಕ್ಕ ರಟ್ಟು ಕತ್ತರಿಸಬೇಕಾದರೆ ಕೂಸು ಮಲಗಬೇಕು. ಕೂಸು ಮಲಗಬೇಕಾದರೆ...

ಗಾಣದೆತ್ತು ಸುತ್ತಿದ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬಂತು.

ಬಿಸಿಲು ಕಿತ್ತಳೆ ಆಯಿತು.

ಕೊಟ್ರಮ್ಮ ಎದ್ದಳು. ಮನೆಯಿಂದ ಒಂದು ಮಂಡಕ್ಕಿ ಚೀಲ ತಂದಳು. ಅನಸೂಯಕ್ಕನ ಜಗಲಿಯ ಮೇಲೆ ಕೂತು ಚೀಲ ತೊಡೆಯ ಮೇಲಿಟ್ಟಳು. ಚೀಲದ ಮೇಲೆ ಕೂಸನ್ನು ಇಟ್ಟಳು. ಆಚೆ ನೋಡಿದಳು, ಈಚೆ ನೋಡಿದಳು. ಐವತ್ತು ವರ್ಷದ ಹೆಂಗಸು, ತಲೆ ತುಂಬ ಸೆರಗು, ನಾಕು ಜನ ಓಡಾಡುವ ಬೀದಿ. ನೋಡಿದವರು ನೋಡಲಿ ಅಂದುಕೊಂಡಳು. ಕೆನ್ನೆ ಉಬ್ಬಿಸಿದಳು.

"ಡುಗು ಡುಗು ಡುಗು. ಡುಗು ಡುಗು ಡುಗು."

ಮೊಣಕಾಲು ಅಲ್ಲಾಡಿಸಿದಳು. ಚೀಲದೊಳಗೆ ಮಂಡಕ್ಕಿ ಸರಸರ ಅಂದಿತು. ಕೂಸು ಅವಳ ಬಾಯಿಯನ್ನೇ ನೋಡಿತು. ಡುಗು ಡುಗು. ಸರಸರ. ಒಂದು ರೆಪ್ಪೆ ಇಳಿಯಿತು. ಡುಗು ಡುಗು. ಸರಸರ. ಇನ್ನೊಂದು ರೆಪ್ಪೆ ಇಳಿಯಿತು.

ಕೂಸು ಮಲಗಿತು!

ಕೊಟ್ರಮ್ಮ ಬಾಯಿ ನಿಲ್ಲಿಸಿದಳು. ಕೂಸು ಕಣ್ಣು ಬಿಟ್ಟಿತು.

"ಡುಗು ಡುಗು ಡುಗು!" ಅಂದಳು ಕೊಟ್ರಮ್ಮ. ಕೂಸು ಕಣ್ಣು ಮುಚ್ಚಿತು.

ಈಗ ನಿಲ್ಲಿಸುವ ಹಾಗಿಲ್ಲ. ಏಳುವ ಹಾಗಿಲ್ಲ. ಮಾತಾಡುವ ಹಾಗೂ ಇಲ್ಲ. ಕೊಟ್ರಮ್ಮ ಕಣ್ಣಲ್ಲೇ ಹೇಳಿದಳು: ನೀನೇ ಹೋಗೇ ಅನಸೂಯಕ್ಕ.

ಕೂಸು ಮಲಗಿತು.
ಅನಸೂಯಕ್ಕ ರಟ್ಟು ಕತ್ತರಿಸಿದಳು. ಕಚ್ ಕಚ್.

ರಟ್ಟು ಹಿಡಿದು ತುದಿಗಾಲಲ್ಲಿ ಬೀದಿ ದಾಟಿದಳು.

ಕೂಸು ಮಲಗಿತು.
ಅನಸೂಯಕ್ಕ ರಟ್ಟು ಕತ್ತರಿಸಿದಳು.
ಗುಡ್ಡಪ್ಪ ಪ್ಲೇಟು ಕೊರೆದ. ಗರ್ರ್ ಗರ್ರ್.

ಪ್ಲೇಟು ಹಿಡಿದು ಗುಡ್ಡಪ್ಪನೂ ತುದಿಗಾಲಲ್ಲಿ ನಡೆದ. ಗುಡ್ಡದಂಥ ಗುಡ್ಡಪ್ಪ!

ಕೂಸು ಮಲಗಿತು.
ಅನಸೂಯಕ್ಕ ರಟ್ಟು ಕತ್ತರಿಸಿದಳು.
ಗುಡ್ಡಪ್ಪ ಪ್ಲೇಟು ಕೊರೆದ.
ಆಚಾರ್ರು ಸೊಂಡಿಲು ಬೆಸೆದರು. ಚಿರ್ ಚಿರ್.

ನೀಲಿ ಬೆಳಕು ಗೋಡೆಯ ಮೇಲೆ ಹಾರಿತು. ಕೊಟ್ರಮ್ಮನಿಗೂ ಜೋಂಪು ಹತ್ತಿತು. ಡುಗು ಡುಗು. ಆಕಾಶದಲ್ಲಿ ಬೂದು ಬಣ್ಣದ ಆನೆಮರಿಗಳು ಸಾಲಾಗಿ ಹೋಗುತ್ತಿದ್ದವು. ಒಂದೊಂದಕ್ಕೂ ಕುರ್ಚಿ ತೋಳಿನ ಸೊಂಡಿಲು. ಅವು ಮೋಡ ಹೀರಿ ಮಂಡಕ್ಕಿ ಊದುತ್ತಿದ್ದವು. ಡುಗು... ಡು...

ಕೂಸು ಮಿಸುಕಿತು. ಕೊಟ್ರಮ್ಮ ಬೆಚ್ಚಿದಳು. ಡುಗು ಡುಗು ಡುಗು!

ಆಚೆ ಬದಿಯಲ್ಲಿ ಇನಾಯತ್ ಸೊಂಡಿಲು ಬಿಗಿದ. ಸೊಂಡಿಲಿಗೆ ರಬ್ಬರ್ ಪಟ್ಟಿ ಸುತ್ತಿ ಮೂಗು ಕೂರಿಸಿದ. ಕಿಕ್ ಹೊಡೆದ.

ಸುಂಯ್!

"ಏ, ಗಾಳಿ ಕದೀತೈತಿ!" ಇನಾಯತ್ ಪಿಸುಗುಟ್ಟಿದ. "ಆಚಾರ್ರೇ, ನಿಮ್ಮ ಬೆಂಕಿಗೆ ಪ್ಲೇಟು ಬಾಗೈತಿ. ಬಾಯಿಗೆ ಬಾಯಿ ಕೂತಿಲ್ಲ."

"ನನ್ನ ಬೆಂಕಿಗೆ ಯಾಕಂತೀಯೋ? ಇವನ ಪ್ಲೇಟು ತೆಳ್ಳಗೈತಿ."

"ನನ್ನ ಪ್ಲೇಟಾ? ನಿಮ್ಮ ಬೆಂಕಿ..."

"ಶ್!" ಅಂದಳು ಅನಸೂಯಕ್ಕ. "ಕೂಸು ಎದ್ರೆ ಮೂರೂ ಜನ ಎತ್ತಿಕೊಂಡು ತಿರುಗ್ರಿ."

ಮೂವರೂ ಬಾಯಿ ಮುಚ್ಚಿದರು. ಬಿಗಿದದ್ದನ್ನು ಬಿಚ್ಚಿದರು. ಗುಡ್ಡಪ್ಪ ಕನ್ನಡಿ ಗಾಜಿನ ಮೇಲೆ ಉಪ್ಪುಕಾಗದ ಹಾಸಿದ. ಬಾಗಿದ್ದು ಮಟ್ಟಸ ಆಗಲಿ ಅಂತ ಅದರ ಮೇಲೆ ಪ್ಲೇಟು ಉಜ್ಜಿದ. ಸುರ್ ಸುರ್, ಎಂಟು ಬರೆದ ಹಾಗೆ. ಸುರ್ ಸುರ್, ಮತ್ತೆ ಎಂಟು.

ಬಿಸಿಲು ಹೋಯಿತು. ಕೊಟ್ರಮ್ಮನ ಗಂಟಲು ಒಣಗಿತು. ಡುಗು ಡುಗು. ಬೀದಿಯ ತುದಿಯಲ್ಲಿ ತಳ್ಳುಗಾಡಿ ಕಿರ್ರ್ ಅಂದಿತು. ಡುಗು ಡುಗು. ತಳ್ಳುಗಾಡಿ ಹತ್ತಿರ ಬಂತು. ಅವಳ ದನಿ ಸಣ್ಣದಾಯಿತು. ಡುಗು. ಕಣ್ಣಲ್ಲಿ ನೀರು. ಡುಗು.

ಕೂಸು ಮಲಗಿತು.
ಅನಸೂಯಕ್ಕ ರಟ್ಟು ಕತ್ತರಿಸಿದಳು.
ಗುಡ್ಡಪ್ಪ ಪ್ಲೇಟು ಕೊರೆದ.
ಆಚಾರ್ರು ಸೊಂಡಿಲು ಬೆಸೆದರು.
ಇನಾಯತ್ ಮೂಗು ಕೂರಿಸಿದ.
ಆನೆಮರಿ...

ಕ್ಹೆ, ಅಂದಿತು. ಕ್ಹೆ ಕ್ಹೆ. ಫಟ್!

ಡುಗು.

ಡುಗು ಡುಗು.

ಡುಗು ಡುಗು ಡುಗು. ಡುಗು ಡುಗು ಡುಗು.

ಕೊಟ್ರಮ್ಮ ಬಾಯಿ ನಿಲ್ಲಿಸಿದಳು.

ಕೂಸು ಒಂದು ಕಣ್ಣು ಬಿಟ್ಟಿತು. ಕೇಳಿತು. ಮೂಗು ದಪ್ಪ ಅಲ್ಲವೇ, ಆನೆಮರಿಯ ದನಿಯೂ ಕೊಂಚ ದಪ್ಪ ಆಗಿತ್ತು. ಕೂಸು ಹುಬ್ಬು ಗಂಟಿಕ್ಕಿತು. ಬೀದಿಯೆಲ್ಲ ಉಸಿರು ಹಿಡಿಯಿತು. ಇನಾಯತ್, ಆಚಾರ್ರು, ಗುಡ್ಡಪ್ಪ, ಅನಸೂಯಕ್ಕ, ಎಲ್ಲ ಉಸಿರು ಹಿಡಿದರು. ಆನೆಮರಿ ಒಂದೇ ಉಸಿರಾಡಿತು.

ಡುಗು ಡುಗು ಡುಗು.

"ಡುಗು," ಅಂದಿತು ಕೂಸು. ಈ ಸಲ ಪ್ರಶ್ನೆ ಕೇಳಲಿಲ್ಲ, ಹೇಳಿತು. ಆಮೇಲೆ ಆ ಕಣ್ಣನ್ನೂ ಮುಚ್ಚಿತು.

ಆಗ ಬೀದಿ ದೀಪ ಹತ್ತಿತು.

ದಾದಾಪೀರ್ ತಳ್ಳುಗಾಡಿ ನಿಲ್ಲಿಸಿದ. ಆನೆಮರಿ ನೋಡಿದ. ಕೊಟ್ರಮ್ಮನ ಕಡೆ ನೋಡಿ ನಕ್ಕ. "ಮೂಗು ನಿಂದೇ ಕೊಟ್ರಕ್ಕ," ಅಂದ.

ಕೊಟ್ರಮ್ಮ ಆಗಲೇ ಮಂಡಕ್ಕಿ ಚೀಲಕ್ಕೆ ಕೆನ್ನೆ ಒತ್ತಿ ಮಲಗಿಬಿಟ್ಟಿದ್ದಳು. ಅನಸೂಯಕ್ಕ ಗೋಡೆಗೆ ಒರಗಿ ಮಲಗಿದಳು. ಗುಡ್ಡಪ್ಪ ಕೂತಲ್ಲೇ ಮಲಗಿದ. ಆಚಾರ್ರು ಕಪ್ಪು ಕನ್ನಡಕದೊಳಗೆ ಮಲಗಿದರು. ಇನಾಯತ್ ಸ್ಪ್ಯಾನರ್ ಹಿಡಿದು ಮಲಗಿದ. ದಾದಾಪೀರ್ ಆಕಳಿಸಿದ. ಅವನೂ ಮಲಗಿದ.

ಯಾರಾದರೂ ಎದ್ದು ಆನೆಮರಿಯ ಕೀಲಿ ತಿರುಗಿಸಬೇಕಿತ್ತು. ಪೆಟ್ರೋಲು ದಂಡ. ಯಾರೂ ಏಳಲಿಲ್ಲ.

ಹೇಳಿದವಳಿಗೆ ಒಂದು ಹಿಡಿ ಮಂಡಕ್ಕಿ, ಕೇಳಿದವರಿಗೆ ಎರಡು ಹಿಡಿ ನಿದ್ದೆ.

ಡುಗು ಡುಗು.

ಡುಗು.