ಗಾಜಿನ ಬೀರುವಿನ ಪ್ರಶಸ್ತಿ

ಊರ ಲೈಬ್ರರಿಗೆ ಬಂದ ಹೊಸ ಮಕ್ಕಳ ಪುಸ್ತಕಗಳಿಗೆಲ್ಲ ಆ ವರ್ಷದ ದೊಡ್ಡ ಪ್ರಶಸ್ತಿಯದೇ ಚಿಂತೆ. ತೀರ್ಪುಗಾರರು ಗೆದ್ದಲು ಮಹಾಶಯರು. ಪುಸ್ತಕದೊಳಗೆ ಅವರಷ್ಟು ಆಳಕ್ಕೆ ಇಳಿದವರು ಬೇರೆ ಇಲ್ಲವಾದ್ದರಿಂದ ಯಾರೂ ತಕರಾರು ಎತ್ತಲಿಲ್ಲ. ಗೆದ್ದ ಪುಸ್ತಕಕ್ಕೆ ಬಂಗಾರದ ಬಣ್ಣದ ಚೀಟಿ ಅಂಟಿಸಿ, ಗಾಜಿನ ಬೀರುವಿನಲ್ಲಿ ಕೂರಿಸಿ ಬೀಗ ಹಾಕುವುದು ಪದ್ಧತಿ.

‘ಎಮ್ಮೆಗೆ ಜಡೆ ಹಾಕಿದ ಕೋತಿ’ ಎಂಬ ತೆಳ್ಳನೆಯ ಪುಸ್ತಕಕ್ಕೆ ಆ ಬೀರುವಿನ ಮೇಲೆ ಭಾರಿ ಆಸೆ. ದಿನಾ ಮಕ್ಕಳು ಎಳೆದಾಡಿ ಅದರ ಮೂಲೆ ಮಡಚಿದ್ದರು, ಪುಟಪುಟಕ್ಕೂ ಬೆಲ್ಲದ ಬೆರಳು ಒತ್ತಿದ್ದರು.

“ಸ್ವಾಮಿ, ಹೊರಗೇ ಇದ್ದರೆ ಈ ಮಕ್ಕಳ ಕೈಯಲ್ಲಿ ಸವೆದೇ ಹೋಗ್ತೀನಿ,” ಎಂದಿತು.

“ನನ್ನ ಚಿಂತೆಯೂ ಅದೇ ಕಣಪ್ಪ,” ಎಂದರು ಗೆದ್ದಲು. “ಪ್ರಶಸ್ತಿ ನಿನಗೇ.”

‘ಸನ್ನಡತೆ ಸಾಗರ’ ಎಂಬ ದಪ್ಪ ಪುಸ್ತಕ ಸಿಡುಕಿತು. “ನನ್ನನ್ನು ಇವತ್ತಿನವರೆಗೆ ಒಬ್ಬರೂ ಮುಟ್ಟಿಲ್ಲ. ನನಗೇನು ಕಮ್ಮಿಯಾಗಿದೆ?”

“ತಮ್ಮದು ಒಂದು ಪುಟ ನೋಡಿದೆ ರಾಯರೇ. ಗಂಟಲಲ್ಲಿ ಇಳಿಯಲಿಲ್ಲ.”

ಕೋತಿ ಪುಸ್ತಕ ಬೀರು ಏರಿತು, ಬೀಗ ಬಿತ್ತು. ಮಕ್ಕಳು ಗಾಜಿಗೆ ಮೂಗು ಒತ್ತಿ ಒಂದಷ್ಟು ಹೊತ್ತು ನೋಡಿ, ಬೇಜಾರಾಗಿ ಆಟಕ್ಕೆ ಹೋದರು. ಅವರು ಅತ್ತ ಹೋಗುತ್ತಲೇ ಇತ್ತ ಬೀರುವಿನ ಹಿಂದಿನ ಹಲಗೆ ಕೊರೆದುಕೊಂಡು ತೀರ್ಪುಗಾರರು ಸಕುಟುಂಬ ಸಪರಿವಾರ ಒಳಗೆ ಬಂದರು.

“ಸನ್ಮಾನ ಮಾಡಲಿಕ್ಕೆ ಬಂದಿರಾ?” ಎಂದಿತು ಪುಸ್ತಕ, ಹಿಗ್ಗಿ.

“ಓದಲಿಕ್ಕೆ ಬಂದೆವು,” ಎಂದರು ಗೆದ್ದಲು, ಮೊದಲ ಪುಟಕ್ಕೆ ಬಾಯಿ ಹಾಕುತ್ತ. “ಇಷ್ಟು ದಿನ ಆ ಮಕ್ಕಳು ಬಿಡಬೇಕಲ್ಲ.”