ಪಾತ್ರೆ ವ್ಯಾಪಾರಿ ಆರಿಸಿದ ಪವರ್ ಸಪ್ಲೈ

"ಬುದ್ಧಿ, ನನ್ನ ಮನಸ್ಸನ್ನು ನಾನು ನಂಬಬಹುದೇ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಗುರುಗಳು ಪ್ರಸಾದ ಮುಗಿಸಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು.

ಶಿಷ್ಯನಿಗೆ ಅಂದೇ ಉತ್ತರ ಬೇಕಾಗಿತ್ತು. ದೊಡ್ಡ ಮಠವೊಂದರ ಹಿರಿಯರು ಬಂದು ಮುಂದಿನ ಅಂಗಳದಲ್ಲಿ ಕಾಯುತ್ತಿದ್ದರು. ಅವರ ಸ್ವಾಮಿಗಳು ಪೀಠ ಬಿಟ್ಟು ಹೋಗಿದ್ದರು. ಯಾಕೆ ಹೋದರೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಮಠಕ್ಕೆ ಶಾಲೆಗಳಿದ್ದವು, ಅನಾಥ ಮಕ್ಕಳ ವಿದ್ಯಾರ್ಥಿನಿಲಯವಿತ್ತು, ಒಬ್ಬರ ಮುಖ ಒಬ್ಬರು ನೋಡದ ಎರಡು ಪಂಗಡಗಳೂ ಇದ್ದವು. ಈ ಶಿಷ್ಯನನ್ನೇ ಪೀಠಕ್ಕೆ ಕೂರಿಸಬೇಕೆಂದು ಎರಡು ಪಂಗಡದವರೂ ಒಪ್ಪಿದ್ದರು. ಈಗ ಅವನು ಹೂಂ ಎನ್ನಬೇಕು, ಇಲ್ಲವೇ ಊಹೂಂ ಎನ್ನಬೇಕು.

"ನಾನು ಚಿಕ್ಕವನಿದ್ದಾಗ ಇಲ್ಲಿಗೆ ಬಂದೆ, ಬುದ್ಧಿ. ಇಷ್ಟು ವರ್ಷದಲ್ಲಿ ಒಂದು ದಿನವೂ ಸಿಟ್ಟು ಬಂದಿಲ್ಲ. ಯಾವುದರ ಮೇಲೂ ಆಸೆ ಹುಟ್ಟಿಲ್ಲ. ಪೂಜೆ ತಪ್ಪಿಲ್ಲ. ಹೋಗಬಹುದು ಅಂತ ಅನಿಸುತ್ತದೆ. ಆದರೂ ತಮ್ಮ ಬಾಯಿಂದ ಒಂದು ಮಾತು ಕೇಳಬೇಕು."

"ಕಂಪ್ಯೂಟರು ನೋಡಿದ್ದೀಯಾ?" ಎಂದರು ಗುರುಗಳು.

ಶಿಷ್ಯ ತಬ್ಬಿಬ್ಬಾದ. "ನಮ್ಮ ಶಾಲೆಯಲ್ಲೇ ಇದೆಯಲ್ಲ, ಬುದ್ಧಿ."

"ಸರಿ. ಕೂತ್ಕೊ."

ಅವನು ಕುಳಿತ. ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ತಾಮ್ರ, ಹಿತ್ತಾಳೆ, ಕಂಚು ಮಾರುತ್ತಿದ್ದ. ಪಾತ್ರೆಯನ್ನು ಅಂಗೈ ಮೇಲೆ ಇಟ್ಟುಕೊಂಡರೆ ಸಾಕು, ತೂಕ ಹೇಳುತ್ತಿದ್ದ. ಆಮೇಲೆ ತಕ್ಕಡಿಗೆ ಹಾಕಿದರೆ ಅಷ್ಟೇ ಇರುತ್ತಿತ್ತು. ಮದುವೆಗೆ ಹಂಡೆ ಕೊಳ್ಳುವವರು ಬೇರೆ ಅಂಗಡಿಯಲ್ಲಿ ಆರಿಸಿದ್ದನ್ನೂ ತಂದು ಅವನ ಕೈಗೆ ಕೊಡುತ್ತಿದ್ದರು. ಅವನು ಕೈಯನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿ "ತಗೊಳ್ಳಿ" ಎಂದರೆ ತೆಗೆದುಕೊಳ್ಳುತ್ತಿದ್ದರು. "ಬೇಡ" ಎಂದರೆ ವಾಪಸು ಕೊಟ್ಟುಬರುತ್ತಿದ್ದರು. ಆ ಕೈಯ ಬಗ್ಗೆ ಅವನಿಗೆ ಜಂಬವಿರಲಿಲ್ಲ. ಕಣ್ಣು ನೋಡುವ ಹಾಗೆ, ಕಿವಿ ಕೇಳುವ ಹಾಗೆ, ಕೈ ಹೇಳುತ್ತದೆ ಎಂದುಕೊಂಡಿದ್ದ.

ಅವನ ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು. ಅವಳ ಸ್ನಾಯುಗಳಿಗೆ ಒಂದು ಕಾಯಿಲೆ. ಮೊದಲು ಕಾಲು ಹೋಯಿತು. ಆಮೇಲೆ ತೋಳು ಹೋಯಿತು. ಬೆರಳುಗಳು ಇನ್ನೂ ಆಡುತ್ತಿದ್ದವು. ಅವೂ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದರು. ತಂದೆಯ ಕಿವಿಯಲ್ಲಿ ಹೇಳಲಿಲ್ಲ, ಅವಳ ಎದುರಿಗೇ ಹೇಳಿದ್ದರು.

ಆ ಬೆರಳುಗಳಿಂದ ಅವಳು ಕಂಪ್ಯೂಟರಿನಲ್ಲಿ ಒಂದು ಚಲನಚಿತ್ರ ಮಾಡುತ್ತಿದ್ದಳು. ಅದರಲ್ಲಿ ನಟರಿಲ್ಲ. ಎಲ್ಲವೂ ಅವಳು ಬಿಡಿಸಿದ್ದು. ಒಂದು ತಾಯಿಕರಡಿ ತನ್ನ ಮರಿಯನ್ನು ಹುಡುಕಿಕೊಂಡು ಕಲ್ಲುಬೆಟ್ಟ ಹತ್ತುತ್ತದೆ. ಅಷ್ಟೇ ಕತೆ. ಆದರೆ ಕರಡಿಯ ಒಂದೊಂದು ಕೂದಲೂ ಗಾಳಿಗೆ ಬೇರೆ ಬೇರೆಯಾಗಿ ಅಲುಗಬೇಕು, ಒಂದೊಂದರ ಮೇಲೂ ಬಿಸಿಲು ಬೀಳಬೇಕು. ಆ ಲೆಕ್ಕ ಮಾಡಲು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು. ಅದನ್ನು ಅವಳ ಗೆಳತಿಯರೆಲ್ಲ ಸೇರಿ ಕೊಡಿಸಿದರು.

ಅಂಥ ಕಾರ್ಡು ವಿಪರೀತ ವಿದ್ಯುತ್ ಎಳೆಯುತ್ತದೆ. ಹಳೆಯ ಪವರ್ ಸಪ್ಲೈ ಅದಕ್ಕೆ ಸಾಲದು. ಗೋಡೆಯಿಂದ ಬರುವ ಕರೆಂಟನ್ನು ಯಂತ್ರ ತಾಳುವ ಹಾಗೆ ಪಳಗಿಸಿ ಕೊಡುವ ಡಬ್ಬಿ ಅದು. ಹೊಸದನ್ನು ನಾನು ತರುತ್ತೇನೆ ಎಂದು ತಂದೆ ಹೇಳಿದ. ಮಗಳಿಗಾಗಿ ಅವನು ಮಾಡಬಹುದಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಇದೊಂದು ಇತ್ತು.

ಹೊರಡುವಾಗ ಮಗಳು ಹೇಳಿದಳು, "ಅಪ್ಪಾ, ಎರಡು ಮಾತು ನೆನಪಿಟ್ಟುಕೊ. ಡಬ್ಬಿ ಮೇಲೆ ಇಷ್ಟು ವ್ಯಾಟ್ ಅಂತ ಬರೆದಿರುತ್ತಾರಲ್ಲ, ಅಷ್ಟನ್ನೂ ಅದು ಎಷ್ಟು ಹೊತ್ತು ಬೇಕಾದರೂ ಕೊಡಬೇಕು. ಒಂದು ಗಳಿಗೆ ಕೊಟ್ಟು ಸುಸ್ತಾಗಬಾರದು. ಇನ್ನೊಂದು, ಕೈಲಾಗದಿದ್ದರೆ ಅದು ತಾನಾಗಿ ಆಫ್ ಆಗಬೇಕು. ಪಕ್ಕದಲ್ಲಿರೋದನ್ನೆಲ್ಲ ಜೊತೆಗೆ ಎಳ್ಕೊಂಡು ಹೋಗಬಾರದು." ಯಾವ ಕಂಪನಿಯದು ತರಬೇಕೆಂದೂ ಹೇಳಿದಳು.

"ಸಾಮಾನು ತರೋದನ್ನ ನನಗೇ ಕಲಿಸ್ತೀಯೇನೇ?" ಎಂದು ತಂದೆ ನಗಾಡಿಕೊಂಡು ಹೋದ.

ಕಂಪ್ಯೂಟರ್ ಅಂಗಡಿಯವನು ಎರಡು ಡಬ್ಬಿಗಳನ್ನು ಮುಂದಿಟ್ಟ. ಒಂದು, ಮಗಳು ಹೇಳಿದ್ದು. ಇನ್ನೊಂದರ ಮೇಲೆ ಅದಕ್ಕಿಂತ ದೊಡ್ಡ ಅಂಕಿಯಿತ್ತು. ವ್ಯಾಪಾರಿ ಅಂಕಿಯ ಕಡೆ ನೋಡಲಿಲ್ಲ. ಬರೆಯುವವರು ಏನು ಬೇಕಾದರೂ ಬರೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಒಂದು ಡಬ್ಬಿಯನ್ನು ಎಡ ಅಂಗೈ ಮೇಲೆ, ಇನ್ನೊಂದನ್ನು ಬಲ ಅಂಗೈ ಮೇಲೆ ಇಟ್ಟುಕೊಂಡ.

"ಇದೇನ್ರೀ, ಒಳಗೆ ಗಾಳಿ ತುಂಬಿದ್ದೀರಾ?" ಮಗಳು ಹೇಳಿದ್ದನ್ನು ಅವನು ಮೇಜಿನ ಮೇಲೆ ಇಟ್ಟುಬಿಟ್ಟ.

"ಯಜಮಾನರೇ, ಅದು ಹಿತ್ತಾಳೆಯ ಕೊಳದಪ್ಪಲೆ ಅಲ್ಲ" ಎಂದು ಅಂಗಡಿಯವನು ನಕ್ಕ.

"ಯಾವುದಾದರೇನು, ಸರಕು ಸರಕೇ. ಒಳಗೆ ತಾಮ್ರ ಸುತ್ತಿದ್ದರೆ ಭಾರ ಇರುತ್ತೆ. ತಾಮ್ರ ಉಳಿಸಿಕೊಂಡಿದ್ದರೆ ಹಗುರ ಇರುತ್ತೆ. ಅಲ್ಲವೋ?"

"ಅಲ್ಲ ಅನ್ನೋಕೆ ನಾನೇನು ಬಿಚ್ಚಿ ನೋಡಿದ್ದೀನಾ? ಭಾರದ್ದು ಬೇಕಾದರೆ ಭಾರದ್ದೇ ತಗೊಂಡು ಹೋಗಿ. ನನಗೆ ಎರಡೂ ಒಂದೇ."

ವ್ಯಾಪಾರಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಳ್ಳೆಯ ಡಬ್ಬಿಯಲ್ಲಿ ತಾಮ್ರ ಹೆಚ್ಚಿರುತ್ತದೆ, ನಿಜ. ಭಾರದ ಡಬ್ಬಿಯನ್ನು ಮಾಡಿದವನಿಗೂ ಅದು ತಿಳಿದಿತ್ತು. ಹಾಗೆ ಲೆಕ್ಕ ಹಾಕುವವರಿಗಾಗಿಯೇ ಅವನು ಅದನ್ನು ಮಾಡಿದ್ದ.

ಮನೆಯಲ್ಲಿ ಮಗಳು, "ನಾನು ಹೇಳಿದ್ದೇ ತಂದೆಯಾ?" ಎಂದಳು.

"ಅದಕ್ಕಿಂತ ಗಟ್ಟಿಯಾದ್ದು ತಂದಿದ್ದೀನಿ" ಎಂದು ತಂದೆ ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟ. ಅವಳು ಅದರ ಮೇಲಿನ ಹೆಸರನ್ನು ಓದಿದಳು. ಏನೋ ಹೇಳಲು ಬಾಯಿ ತೆರೆದಳು. ತಂದೆಯ ಮುಖ ನೋಡಿದಳು. ಅಷ್ಟು ಹಿಗ್ಗನ್ನು ಆ ಮುಖದಲ್ಲಿ ಅವಳು ಕಂಡು ಬಹಳ ಕಾಲವಾಗಿತ್ತು. ಸುಮ್ಮನಾದಳು.

ಗೆಳತಿಯೊಬ್ಬಳು ಬಂದು ಎಲ್ಲವನ್ನೂ ಜೋಡಿಸಿಕೊಟ್ಟಳು. ಯಂತ್ರ ನಡೆಯಿತು. ಚಿತ್ರ ಬಿಡಿಸುವಾಗ ಅಂಥ ಕಾರ್ಡಿಗೆ ದುಡಿಮೆ ಕಡಿಮೆ, ಅದು ಎಳೆಯುವ ವಿದ್ಯುತ್ತೂ ಕಡಿಮೆ. ತಂದೆ ಅಂಗಡಿಯಿಂದ ಬಂದವನೇ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡುತ್ತಿದ್ದ. ತಣ್ಣಗಿರುತ್ತಿತ್ತು. "ಉಸಿರಾಡೋದೂ ಕೇಳಿಸಲ್ಲ, ನೋಡು" ಎನ್ನುತ್ತಿದ್ದ. ಮಳೆಗಾಲ ಕಳೆಯಿತು. ಚಳಿಗಾಲ ಕಳೆಯಿತು. ಒಮ್ಮೆಯೂ ಅದು ತಡವರಿಸಲಿಲ್ಲ. ಬಜಾರಿನಲ್ಲಿ ಸಿಕ್ಕವರಿಗೆಲ್ಲ ಅವನು ಅದರ ವಿಷಯ ಹೇಳಿದ.

ಈ ನಡುವೆ ಮಗಳ ಬೆರಳುಗಳು ಒಂದೊಂದಾಗಿ ಮಾತು ಕೇಳದಾದವು. ಕೊನೆಗೆ ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದವು. ಆ ಎರಡರಲ್ಲೇ ಅವಳು ಕೊನೆಯ ದೃಶ್ಯ ಮುಗಿಸಿದಳು. ಮರಿ ಸಿಗುತ್ತದೋ ಇಲ್ಲವೋ ಎಂದು ತಂದೆ ಕೇಳಿದರೆ ಹೇಳುತ್ತಿರಲಿಲ್ಲ. "ಎಲ್ಲರ ಜೊತೆ ಕೂತು ನೋಡು, ಅಪ್ಪಾ. ನಿನಗೊಬ್ಬನಿಗೇ ಮೊದಲು ಯಾಕೆ?" ಎನ್ನುತ್ತಿದ್ದಳು.

ಇನ್ನು ಉಳಿದದ್ದು ಯಂತ್ರದ ಕೆಲಸ. ಬಿಡಿಸಿದ್ದನ್ನೆಲ್ಲ ಕೂಡಿಸಿ, ಕೂದಲು ಕೂದಲಿಗೂ ಬಿಸಿಲಿನ ಲೆಕ್ಕ ಹಾಕಿ, ಅದು ಚಿತ್ರವನ್ನು ಹೊರಗೆ ತೆಗೆಯಬೇಕು. ಅದಕ್ಕೆ ಕಾರ್ಡು ಬಿಡುವಿಲ್ಲದೆ ತನ್ನ ಪೂರ್ತಿ ಬಲ ಹಾಕಿ ದುಡಿಯಬೇಕು. ಒಂದು ಬೆಳಿಗ್ಗೆ ಮಗಳು ಗುಂಡಿ ಒತ್ತಿದಳು. ತಂದೆ ಆ ದಿನ ಅಂಗಡಿ ತೆರೆಯಲಿಲ್ಲ.

ಪೆಟ್ಟಿಗೆ ಮೊದಲ ಸಲ ಸದ್ದು ಮಾಡಿತು. ಫ್ಯಾನುಗಳು ಜೋರಾಗಿ ತಿರುಗಿದವು. ತಂದೆ ಅದರ ಮೇಲೆ ಕೈಯಿಟ್ಟು ತಟ್ಟನೆ ಹಿಂದಕ್ಕೆ ತೆಗೆದ. "ಬಿಸಿ ಇದೆಯಲ್ಲೇ" ಎಂದ. "ದುಡಿಯುವಾಗ ಬಿಸಿ ಆಗುತ್ತೆ" ಎಂದಳು ಮಗಳು. ಇಬ್ಬರೂ ಪರದೆಯನ್ನು ನೋಡುತ್ತ ಕುಳಿತರು. ಕರಡಿಯ ಬೆನ್ನು ನಿಧಾನವಾಗಿ ಮೂಡತೊಡಗಿತ್ತು. ಅದರ ಮೇಲೆ ಬಿಸಿಲಿತ್ತು.

ಊಟದ ಹೊತ್ತಿಗೆ ಮುಂಚೆ ಡಬ್ಬಿ ಪಟ್ಟೆಂದು ಸಿಡಿಯಿತು. ಸುಟ್ಟ ವಾಸನೆ ಬಂತು. ಹೊಗೆ ಬಂತು. ಪರದೆ ಕಪ್ಪಾಯಿತು. ತಂದೆ ತಂತಿಯನ್ನು ಬರಿಗೈಯಲ್ಲಿ ಕಿತ್ತೆಸೆದು, ಪೆಟ್ಟಿಗೆಯನ್ನು ತಬ್ಬಿಕೊಂಡು ಹೊರಗೆ ಒಯ್ದ. ಹೊಗೆಯ ಕೋಣೆಯಲ್ಲಿ ಕುರ್ಚಿಯ ಮೇಲೆ ಮಗಳಿದ್ದಾಳೆಂದು ಅವನಿಗೆ ಆಮೇಲೆ ನೆನಪಾಯಿತು. ಓಡಿ ಬಂದ. ಅವಳು ಕೆಮ್ಮುತ್ತಿದ್ದಳು. "ಕೈ ಸುಟ್ಟಿತಾ, ಅಪ್ಪಾ?" ಎಂದಳು.

ಡಬ್ಬಿ ತಾನೊಂದೇ ಸಾಯಲಿಲ್ಲ. ಗ್ರಾಫಿಕ್ಸ್ ಕಾರ್ಡು ಹೋಯಿತು. ಚಿತ್ರವಿದ್ದ ಡಿಸ್ಕು ಹೋಯಿತು. ಅದರ ಪ್ರತಿಯಿದ್ದ ಇನ್ನೊಂದು ಡಿಸ್ಕೂ ಹೋಯಿತು. ಎರಡೂ ಒಂದೇ ಪೆಟ್ಟಿಗೆಯೊಳಗಿದ್ದವು. ಅವನ್ನು ದೂರದ ಊರಿನ ಬಲ್ಲವರಿಗೆ ಕಳಿಸಿದರು. ಅವರು ನೋಡಿ, ಏನೂ ಸಿಗಲಿಲ್ಲವೆಂದು ಹೇಳಿ ವಾಪಸು ಕಳಿಸಿದರು.

"ಮರಿ ಸಿಕ್ಕಿತಾ ಇಲ್ಲವಾ, ಈಗ ಹೇಳಿಬಿಡಲಾ?" ಎಂದು ಮಗಳು ಒಂದು ದಿನ ಕೇಳಿದಳು. ತಂದೆ ಬೇಡವೆಂದು ತಲೆಯಾಡಿಸಿದ.

ಅವನು ಆ ಡಬ್ಬಿಯ ತಿರುಪುಗಳನ್ನು ಬಿಚ್ಚಿದ. ಒಳಗೆ ತಾಮ್ರ ಕಿರುಬೆರಳಿನಷ್ಟಿತ್ತು. ಮೂಲೆಯಲ್ಲಿ ಒಂದು ಸಿಮೆಂಟಿನ ಗಟ್ಟಿಯನ್ನು ಅಂಟಿಸಿದ್ದರು. ಅದಕ್ಕೆ ತಂತಿಯಿರಲಿಲ್ಲ, ಕೆಲಸವಿರಲಿಲ್ಲ. ತೂಕ ಹೆಚ್ಚಿಸಲು ತಳಕ್ಕೆ ಅರಗು ತುಂಬಿದ ತಂಬಿಗೆಗಳನ್ನು ಅವನು ಎಷ್ಟೋ ಸಲ ಹಿಡಿದಿದ್ದ. ಬೆರಳಿನಿಂದ ಬಾರಿಸಿದರೆ ಅವು ಬಾಯಿಬಿಡುತ್ತಿದ್ದವು. ಇದನ್ನು ಬಾರಿಸಿದ್ದರೂ ಏನೂ ತಿಳಿಯುತ್ತಿರಲಿಲ್ಲ. ಅವನು ಗಟ್ಟಿಯನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಂಡ. ಕೈ ತೂಕ ಹೇಳಿತು. ಸರಿಯಾಗಿಯೇ ಹೇಳಿತು.

ಆಮೇಲೆ ಅವನು ಮಗಳು ಹೇಳಿದ್ದ ಡಬ್ಬಿಯನ್ನೇ ತಂದ. ಹೊಸ ಕಾರ್ಡು ತಂದ, ಹೊಸ ಡಿಸ್ಕು ತಂದ. ಎಲ್ಲ ಜೋಡಿಸಿ ಅವಳ ಮುಂದಿಟ್ಟ. ಅಷ್ಟರಲ್ಲಿ ಅವಳ ಎರಡು ಬೆರಳುಗಳೂ ನಿಂತಿದ್ದವು.

"ನೀನು ಬಾಯಲ್ಲಿ ಹೇಳು. ನಾನು ಬಿಡಿಸ್ತೀನಿ" ಎಂದ ತಂದೆ.

ಅವಳು ಹೇಳಿದಳು. ಅವನು ಬಿಡಿಸಿದ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಕರಡಿಯನ್ನು ಬಿಡಿಸಿದ. ಅದು ಹತ್ತಿ ತುಂಬಿದ ಮೂಟೆಯ ಹಾಗೆ ಬಂತು. ಮಗಳು ನಕ್ಕಳು. ಅವನೂ ನಕ್ಕ. ಮತ್ತೆ ಅವರು ಅದಕ್ಕೆ ಕೈ ಹಾಕಲಿಲ್ಲ.

ಆ ಯಂತ್ರ ಈಗಲೂ ಅವರ ಮನೆಯಲ್ಲಿದೆ. ಬಹಳ ಒಳ್ಳೆಯ ಯಂತ್ರ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ಹಿರಿಯರೊಬ್ಬರು ಕೆಮ್ಮಿದ್ದು ಕೇಳಿಸಿತು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಆ ತಂದೆಯನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಾಗಲಿಲ್ಲ.

"ಪಾಪ, ಅವನಿಗೆ ಹೇಗೆ ಗೊತ್ತಾಗಬೇಕಿತ್ತು, ಬುದ್ಧಿ? ಕೈ ಮೋಸ ಹೋಯಿತು, ಒಪ್ಪುತ್ತೇನೆ. ಆದರೆ ಆಮೇಲೆ ಅಷ್ಟು ತಿಂಗಳು ಆ ಡಬ್ಬಿ ಒಮ್ಮೆಯೂ ತಪ್ಪಲಿಲ್ಲವಲ್ಲ. ಅದನ್ನು ನೋಡಿ ಯಾರಾದರೂ ನಂಬುತ್ತಿದ್ದರು."

ಗುರುಗಳು ಮೊದಲ ಸಲ ಅವನ ಮುಖ ನೋಡಿದರು.

"ಇಷ್ಟು ವರ್ಷ ಈ ಮಠದಲ್ಲಿ ನಿನ್ನ ಪೂರ್ತಿ ಬಲವನ್ನು ಯಾರು ಕೇಳಿದ್ದಾರೆ?"

ಶಿಷ್ಯ ತಲೆ ತಗ್ಗಿಸಿದ.