ಮಂದೆ ಬಿಟ್ಟ ಎರಡು ನಾಯಿಗಳು

ಸಾಮುವೇಲಜ್ಜನ ಕುರಿಮಂದೆ ಕಾಯುತ್ತಿದ್ದ ಕರಿಯ, ಬೂದ ಎಂಬ ಎರಡು ನಾಯಿಗಳು ಎಲುಬಿನ ಆಸೆಗೆ ಮಂದೆ ಬಿಟ್ಟು ಸಂತೆಗೆ ಹೋದವು. ಅಷ್ಟರಲ್ಲಿ ತೋಳ ಬಂದು ಒಂದು ಮರಿಯನ್ನು ಹೊತ್ತೊಯ್ದಿತು. ತಿರುಗಿ ಬಂದಾಗ ಸಂಗತಿ ತಿಳಿದು ಎರಡೂ ನಾಚಿಕೆಯಿಂದ ಪೊದೆಯಲ್ಲಿ ಅಡಗಿ ಅತ್ತವು.

ಅತ್ತು ಸಾಕಾದ ಮೇಲೆ ಬೂದ ಎದ್ದು ಮೈ ಕೊಡವಿತು. "ನಡಿಯಣ್ಣ, ಅಜ್ಜನ ಹತ್ತಿರ ಹೋಗೋಣ."

"ಯಾವ ಮುಖ ಇಟ್ಟುಕೊಂಡು ಹೋಗ್ತೀಯೋ?" ಎಂದಿತು ಕರಿಯ.

"ಇದೇ ಮುಖ. ಬೇರೆ ಎಲ್ಲಿಂದ ತರಲಿ?"

"ನನ್ನಂಥ ಪಾಪಿಗೆ ಕ್ಷಮೆ ಇಲ್ಲ. ನಾನು ಇಲ್ಲೇ ಅತ್ತು ಸಾಯ್ತೀನಿ."

"ಕ್ಷಮೆ ಇದೆಯೋ ಇಲ್ಲವೋ ಅಂತ ಅಜ್ಜ ಹೇಳಬೇಕು, ನೀನಲ್ಲ. ನೀನು ಸತ್ತರೆ ಉಳಿದ ಮರಿಗಳನ್ನು ಯಾರು ಕಾಯ್ತಾರೆ?"

ಕರಿಯ ಏಳಲಿಲ್ಲ. ಬೂದ ಒಂದೇ ಹೋಗಿ, ಏಟು ಬೀಳಲಿ ಎಂದು ಅಜ್ಜನ ಕಾಲ ಬಳಿ ತಲೆ ಚಾಚಿ ಮಲಗಿತು. ಅಜ್ಜ ಕೋಲು ಎತ್ತಲಿಲ್ಲ. ಅದರ ಕಿವಿಗೆ ಅಂಟಿದ್ದ ಮುಳ್ಳು ಕಿತ್ತು, "ಮಂದೆ ಆ ಕಡೆ ಹೊರಟಿದೆ, ಓಡು" ಎಂದ. ಬೂದ ಓಡಿತು.

ಆಮೇಲೆ ಅಜ್ಜ ಪೊದೆಯ ಕಡೆ ತಿರುಗಿ, "ಕರಿಯಾ, ಬಾರೋ" ಎಂದು ಕೂಗಿದ. ಮತ್ತೆ ಮತ್ತೆ ಕೂಗಿದ. ಒಳಗೆ ಕರಿಯ ಎಷ್ಟು ಜೋರಾಗಿ ಗೋಳಿಡುತ್ತಿತ್ತೆಂದರೆ ಆ ಕೂಗು ಅದಕ್ಕೆ ಕೇಳಿಸಲೇ ಇಲ್ಲ.